ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ!



2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪ್ರೆಸ್ಸು, ಜೆರಾಕ್ಸ್ ಅಂಗಡಿ, ಶಾಲೆಗಳ ಎಷ್ಟೋ ಹಳೇ ಯಂತ್ರಗಳು ವಿಂಡೋಸ್ 11 ಒಪ್ಪುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಕೆ? ಮೊದಲು ಒಂದು ಪೆನ್‌ಡ್ರೈವ್ ಕೈಗೆತ್ತಿಕೊಳ್ಳಿ.

16 ಜಿಬಿಯದು ಸಾಕು. ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಪುಕ್ಕಟೆಯಾಗಿ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ ಡ್ರೈವಿಗೆ ತುಂಬಿ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಎಚ್ಚರ! ಕಂಪ್ಯೂಟರ್ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್, ಕಂಪನಿಗೊಂದು ಕೀಲಿ, ಒತ್ತಿ ಯುಎಸ್‌ಬಿ ಆರಿಸಿ. 'ಇನ್‌ಸ್ಟಾಲ್' ಮುಟ್ಟದಿದ್ದರೆ ಒಳಗಿನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಕಂಪ್ಯೂಟರ್ ಆರಿಸಿ ಡ್ರೈವ್ ತೆಗೆದರೆ ಮತ್ತೆ ಹಳೆಯದೇ ಬರುತ್ತದೆ. ಮಾಡಿದ ಕೆಲಸ ಡ್ರೈವಿನಲ್ಲೇ ಉಳಿಯಬೇಕಾದರೆ ತುಂಬುವಾಗಲೇ 'ಪರ್ಸಿಸ್ಟೆಂಟ್' ಜಾಗ ಬಿಡಬೇಕು. ಇಲ್ಲವಾದರೆ ಟೈಪ್ ಮಾಡಿದ್ದು ನೀರಿನಲ್ಲಿ ಬರೆದ ಹಾಗೆ.

ಕನ್ನಡದ ಮಾತೇನು? ಭಾಷೆ ಬದಲಾಯಿಸಿದರೆ ಮೆನುಗಳು ಕನ್ನಡದಲ್ಲಿ ಬರುತ್ತವೆ. 'ನುಡಿ'ಯಲ್ಲಿ ನಮ್ಮ ಬೆರಳಿಗೆ ರೂಢಿಯಾದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಇಲ್ಲೂ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳಿವೆ. ಲಿಬ್ರೆ ಆಫೀಸ್‌ನಲ್ಲಿ ಪತ್ರ, ಲೆಕ್ಕ ಎರಡೂ ನಡೆಯುತ್ತವೆ.

ಪ್ರೆಸ್ಸಿನವನಾಗಿ ಒಂದು ಮಾತು ಮುಚ್ಚಿಡಲಾರೆ. ಪೇಜ್‌ಮೇಕರ್ ತಂತ್ರಾಂಶ ಇದರಲ್ಲಿ ನೇರವಾಗಿ ನಡೆಯದು. 'ನುಡಿ'ಯ ಹಳೇ ಆಸ್ಕಿ ಬರಹ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಆದ್ದರಿಂದಲೇ ಇದು ಎರಡನೇ ವ್ಯವಸ್ಥೆಯಾಗಿರಲಿ. ಲಗ್ನಪತ್ರಿಕೆ, ಬಿಲ್ ಪುಸ್ತಕ ಹಳೆಯದರಲ್ಲೇ ಮಾಡಿ, ಹೊಟ್ಟೆಪಾಡು ಕೆಡಿಸಿಕೊಳ್ಳಬೇಡಿ. ಹೊಸ ಬರಹವನ್ನು ಮಾತ್ರ ಯುನಿಕೋಡಿನಲ್ಲಿ ಶುರು ಮಾಡಿ. ಅದನ್ನು ನಾಳೆ ಯಾವ ಯಂತ್ರದಲ್ಲಾದರೂ ಓದಬಹುದು.

ಇದು ಆಗುವ ಮಾತೇ ಎನ್ನುವವರು ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿ ನೋಡಲಿ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ. ಅಲ್ಲಿನ 'ಕೈಟ್' ಸಂಸ್ಥೆ ಶಾಲೆಗಳಿಗೆಂದೇ ಅದನ್ನು ಸಿದ್ಧಪಡಿಸಿಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ದಕ್ಕಿದ್ದು ಗಡಿಯೊಳಗಿನ ಮಗುವಿಗೆ ಯಾಕೆ ದಕ್ಕಬಾರದು?

ಲಿನಕ್ಸ್‌ನ ಕನ್ನಡ ಇನ್ನೂ ಪೂರ್ತಿಯಾಗಿಲ್ಲ. ಕೆಲವು ಕಡೆ ಇಂಗ್ಲಿಷ್ ಉಳಿದಿದೆ, ಕೆಲವು ಅನುವಾದ ಬಾಯಿಗೆ ಬರುವಂತಿಲ್ಲ. ಬೈದು ಸುಮ್ಮನಾಗಬೇಡಿ. ಈ ಅನುವಾದಗಳನ್ನು ಮಾಡುವವರು ಬಹುಪಾಲು ಸ್ವಯಂಸೇವಕರು. ಕನ್ನಡ ಬಲ್ಲ ಯಾರು ಬೇಕಾದರೂ ಕೈಜೋಡಿಸಬಹುದು. ನಾಮಫಲಕದಲ್ಲಿ ಕನ್ನಡ ಕೇಳಿ ಬೀದಿಗಿಳಿದ ನಮಗೆ ಕಂಪ್ಯೂಟರಿನೊಳಗಿನ ಕನ್ನಡ ತಿದ್ದುವುದು ಕಷ್ಟವೇ?

ಊರಿಗೊಂದು ಪೆನ್‌ಡ್ರೈವ್ ತಯಾರಾಗಲಿ. ಅದು ಕೈಯಿಂದ ಕೈಗೆ ಹೋಗಲಿ!