ಪೇಪರ್ ಹುಡುಗನಿಗೆ ಹತ್ತು ನಿಮಿಷ

ಸೆಪ್ಟೆಂಬರ್ 4 ಪತ್ರಿಕಾ ವಿತರಕರ ದಿನ. ಅವತ್ತು ನಮ್ಮ ದಾವಣಗೆರೆ ಕಡೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಸೈಕಲ್, ಪೇಪರ್ ಕಟ್ಟು, ಕೈ ಮುಗಿಯುವ ಇಮೋಜಿ ಎಲ್ಲ ಓಡಾಡುತ್ತವೆ. ಮರುದಿನ ಪೇಪರ್ ಅರ್ಧ ಗಂಟೆ ತಡವಾಗಲಿ, ಅದೇ ಫೋನಿನಿಂದ ಏಜೆಂಟರಿಗೆ ಕರೆ ಹೋಗುತ್ತೆ: ‘ಏನ್ರೀ, ಇನ್ನೂ ಪೇಪರ್ ಬಂದಿಲ್ವಲ್ಲ!’

ಈ ದಿನಾಂಕ ಬಂದಿದ್ದು ಅಮೆರಿಕದಿಂದ. 1833ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ‘ಸನ್’ ಪತ್ರಿಕೆ ಬಾರ್ನಿ ಫ್ಲಾಹರ್ಟಿ ಎಂಬ ಹತ್ತು ವರ್ಷದ ಹುಡುಗನನ್ನು ಪೇಪರ್ ಮಾರಲು ಸೇರಿಸಿಕೊಂಡಿತ್ತಂತೆ. ನಮ್ಮಲ್ಲಿ ಈ ಮಾತು ಬಂದರೆ ಮೊದಲು ನೆನಪಾಗೋದು ಅಬ್ದುಲ್ ಕಲಾಂ. ಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುತ್ತಿರಲಿಲ್ಲ, ಓಡುವ ರೈಲಿನಿಂದ ಎಸೆದ ಕಟ್ಟುಗಳನ್ನು ಹಿಡಿದು ಹಂಚುತ್ತಿದ್ದರು. ಒಳ್ಳೆಯ ಕಥೆಯೇ. ಆದರೆ ಪೇಪರ್ ಹಾಕೋ ಹುಡುಗರೆಲ್ಲ ರಾಷ್ಟ್ರಪತಿ ಆಗಬೇಕಾಗಿಲ್ಲ. ಕ್ಷೇಮವಾಗಿ ಮನೆ ಸೇರಿದರೆ ಸಾಕು.

ನಮ್ಮ ಲೋಕಿಕೆರೆಯಂಥ ಊರಲ್ಲಿ ಆ ಕೆಲಸ ಹೇಗಿರುತ್ತೆ ನೋಡಿ. ದಾವಣಗೆರೆಯಿಂದ ಕಟ್ಟು ಬರೋ ಹೊತ್ತಿಗೆ ಇನ್ನೂ ಕತ್ತಲು. ಬಿಚ್ಚಬೇಕು, ಎಣಿಸಬೇಕು, ಪುರವಣಿ ಸೇರಿಸಬೇಕು, ಚಿನ್ನದಂಗಡಿಯದೋ ಟ್ಯೂಷನ್‌ದೋ ಕರಪತ್ರ ಇದ್ದರೆ ಅದನ್ನೂ ಒಳಗೆ ತುರುಕಬೇಕು. ಈ ಮನೆಗೆ ಪ್ರಜಾವಾಣಿ, ಎದುರಿನವರಿಗೆ ಜನತಾವಾಣಿ, ಮೇಷ್ಟ್ರಿಗೆ ಎರಡೂ, ಊರಿಗೆ ಹೋದವರಿಗೆ ಸೋಮವಾರದವರೆಗೆ ಬೇಡ. ನಾವು ಆಫೀಸಿನಲ್ಲಿ ಇಷ್ಟಕ್ಕೆ ಒಂದು ಡೇಟಾಬೇಸ್ ಮಾಡಿ ಎರಡು ಮೀಟಿಂಗ್ ಕರೀತೀವಿ. ಇವನಿಗೆ ಎಲ್ಲಾ ತಲೆಯಲ್ಲೇ. ರಜೆ ಅಂದರೆ ಯುಗಾದಿ, ಆಯುಧಪೂಜೆ, ದೀಪಾವಳಿ ಹೀಗೆ ಬೆರಳೆಣಿಕೆಯ ದಿನ, ಅದೂ ಪತ್ರಿಕೆಯೇ ಅಚ್ಚಾಗದಿದ್ದಾಗ. ತಿಂಗಳ ಕೊನೆಗೆ ಬಿಲ್ ಹಿಡಿದು ಬಂದರೆ ‘ಚಿಲ್ಲರೆ ಇಲ್ಲ, ನಾಡಿದ್ದು ಬಾ’ ಅನ್ನೋರು ಇದ್ದೇ ಇರ್ತಾರೆ. ಯುಪಿಐ ಬಂದ ಮೇಲೂ!

ಮಳೆ, ನಾಯಿ, ಚಳಿ ಎಲ್ಲಾ ಇರಲಿ. ದೊಡ್ಡ ಭಯ ರಸ್ತೆಯದು. ಬೆಳಗಿನ ಐದೂವರೆಗೆ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರಲ್ಲ, ಸೈಕಲ್ಲಿಗಂತೂ ಕೇಳಲೇಬೇಡಿ. ಏನಾದರೂ ಆದರೆ ಇವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ನಮ್ಮ ಹಾಗೆ ಕಂಪನಿ ಕೊಟ್ಟ ಇನ್ಶೂರೆನ್ಸ್ ಕಾರ್ಡೂ ಇಲ್ಲ.

ಆದರೆ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಪತ್ರಿಕೆ ಹಂಚುವವರಿಗಂತಲೇ ಅಪಘಾತ ಪರಿಹಾರ ಯೋಜನೆ ಇದೆ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ, ಆಸ್ಪತ್ರೆ ಖರ್ಚಿಗೂ ನೆರವು. ಅದಕ್ಕೆ ವಯಸ್ಸು 16ರಿಂದ 59ರೊಳಗಿರಬೇಕು, ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರಿರಬೇಕು. 2021ರಿಂದ ಇರುವ ಪೋರ್ಟಲ್ ಅದು. ಆಧಾರ್, ಅದಕ್ಕೆ ಲಿಂಕ್ ಆದ ಮೊಬೈಲ್, ಬ್ಯಾಂಕ್ ಖಾತೆ ಇದ್ದರೆ ನೋಂದಣಿ ಉಚಿತ. ಉದ್ಯೋಗದ ಜಾಗದಲ್ಲಿ ಪತ್ರಿಕೆ ಹಂಚುವ ಕೆಲಸ ಅಂತಲೇ ತುಂಬಬೇಕು, ಸುಮ್ಮನೆ ‘ಕೂಲಿ’ ಅಂತ ಹಾಕಿಬಿಟ್ಟರೆ ನಾಳೆ ತೊಂದರೆ.

ಹದಿನೈದರ ಹುಡುಗನಿಗೆ ಇದೂ ಸಿಗಲ್ಲ. ಸೈಕಲ್ ತುಳಿಯೋದು ಮಾತ್ರ ಅವನೂ ತುಳೀತಾನೆ. ಅಂಥ ಹುಡುಗನನ್ನು ಕತ್ತಲಲ್ಲಿ ಮೇನ್ ರೋಡಿನ ಲೈನಿಗೆ ಕಳಿಸಬೇಡಿ ಅಂತ ಏಜೆಂಟರಿಗೆ ಹೇಳೋಕೆ ಗಿರಾಕಿಗಳಾದ ನಮಗೆ ಅಧಿಕಾರವಿದೆ. ಪೇಪರ್ ಆರೂವರೆ ಬದಲು ಏಳಕ್ಕೆ ಬರಲಿ ಬಿಡಿ, ಸುದ್ದಿ ಹೇಗೂ ರಾತ್ರಿಯೇ ಫೋನಿನಲ್ಲಿ ಓದಿರ್ತೀವಲ್ಲ.

ಫಾರಂ ತುಂಬೋದು, ಓಟಿಪಿ, ಪಿಡಿಎಫ್ ಇಳಿಸೋದು ನಮಗೆ ಹತ್ತು ನಿಮಿಷದ ಕೆಲಸ. ಈ ತಿಂಗಳ ಬಿಲ್ ತಂದಾಗ ದುಡ್ಡಿನ ಜೊತೆಗೇ ಕೇಳಿ, ‘ಇ-ಶ್ರಮ್ ಕಾರ್ಡ್ ಮಾಡಿಸಿದೀಯೇನಪ್ಪ?’ ಆಧಾರ್‌ನ ನಂಬರ್ ಅವರಪ್ಪನ ಫೋನಿನಲ್ಲಿದ್ದರೆ ಭಾನುವಾರ ಸಂಜೆ ಇಬ್ಬರನ್ನೂ ಕೂರಿಸಿಕೊಳ್ಳಿ. ಹಾಗೇ ಸೈಕಲ್ಲಿಗೆ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಹಾಕಿಸಿಕೊಡಿ.