ಉಚಿತ ಸಾಧನದ ವೆಚ್ಚ ಯಾರದು?

ಮುದ್ರಿತ ಪುಟದ ಛಾಯಾಚಿತ್ರದಲ್ಲಿ ನಮಗೆ ಅಕ್ಷರಗಳು ಕಾಣುತ್ತವೆ. ಗಣಕಯಂತ್ರಕ್ಕಾದರೋ ಅದು ಚುಕ್ಕೆಗಳ ರಾಶಿ ಮಾತ್ರ. ಆದುದರಿಂದ ಪರದೆಯ ಬರೆಹವನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶವೂ ಅಂಥ ಪುಟದೆದುರು ಮೂಕವಾಗುತ್ತದೆ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಬರೆಹವಾಗಿಸಿದರೆ ಮಾತ್ರ ಅಂಧ ವಿದ್ಯಾರ್ಥಿಯ ಪಾಲಿಗೆ ಪುಸ್ತಕ ತೆರೆಯುವುದು.

1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಇಂಥ ಓದುಯಂತ್ರವನ್ನು ಲೋಕದ ಮುಂದಿಟ್ಟಾಗ ಅದರ ಬೆಲೆ ಸಾಮಾನ್ಯರ ಅಳವಿಗೆ ಮೀರಿದ್ದಿತು. ಇಂದು ಅಕ್ಷರ ಗುರುತಿಸುವ ಕೆಲಸಕ್ಕೆ ‘ಟೆಸರಾಕ್ಟ್’ ಉಚಿತವಾಗಿ ಒದಗುತ್ತದೆ. ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯಲ್ಲಿ ಹುಟ್ಟಿದ ಅದು 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಓದಿ ಹೇಳುವ ಕೆಲಸಕ್ಕೆ, ಆಸ್ಟ್ರೇಲಿಯದ ಅಂಧ ತರುಣ ಮೈಕೇಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಇದೆ. ಅದೂ ಉಚಿತ; ದಾನ, ಅನುದಾನಗಳೇ ಅದರ ಆಸರೆ.

ಆದರೆ ಉಚಿತವಾಗಿ ದೊರೆಯುವುದು ವೆಚ್ಚವಿಲ್ಲದೆ ಹುಟ್ಟುವುದಿಲ್ಲ. ಕನ್ನಡದ ಒತ್ತಕ್ಷರಗಳನ್ನೂ ಸವೆದ ಮೊಳೆಗಳ ಹಳೆಯ ಅಚ್ಚನ್ನೂ ತಪ್ಪಿಲ್ಲದೆ ಗುರುತಿಸಬೇಕಾದರೆ ಯಂತ್ರಕ್ಕೆ ಅಸಂಖ್ಯ ಮಾದರಿಗಳನ್ನು ತೋರಿಸಿ ಕಲಿಸಬೇಕು. ಅದಕ್ಕೆ ದುಡಿಯುವ ತಜ್ಞರಿಗೂ ಹೊಟ್ಟೆಯಿದೆ. ಪಠ್ಯಪುಸ್ತಕದ ಅಚ್ಚಿಗೆ ಸಾರ್ವಜನಿಕ ಹಣವನ್ನು ತೊಡಗಿಸುವ ನಾವು, ಕಣ್ಣಿಲ್ಲದವರಿಗೆ ಅದನ್ನು ಓದಿಸುವ ಸಾಧನಕ್ಕೂ ತೊಡಗಿಸಬೇಕು. ಅದು ದಾನವಲ್ಲ, ನ್ಯಾಯ. ಹಣವಿಲ್ಲದ ವಿದ್ಯಾರ್ಥಿಗಳೂ ಯಂತ್ರ ತಪ್ಪಿ ಓದಿದ ಪುಟಗಳನ್ನು ತಿದ್ದಿಕೊಡಬಲ್ಲರಲ್ಲವೆ?