ತಕ್ಕಡಿ ಸರಿದೂಗಿಸುವ ಸೀಟಿ

ಅಮೆರಿಕದಲ್ಲಿ ಪ್ರತಿ ಮಾರ್ಚ್ ತಿಂಗಳು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಪಂದ್ಯಾವಳಿ ಶುರುವಾಗುತ್ತದೆ. ಅದರ ಹಿಂದೆಯೇ ಒಂದು ಹಳೆಯ ಜಗಳವೂ ಶುರುವಾಗುತ್ತದೆ. ಸೋತ ಕಾಲೇಜಿನವರು ರೆಫರಿ ಮಾರಿಕೊಂಡಿದ್ದಾನೆ ಎನ್ನುತ್ತಾರೆ. ಗೆದ್ದವರು ಇದೆಲ್ಲ ಸೋತವರ ಹೊಟ್ಟೆಕಿಚ್ಚು ಎನ್ನುತ್ತಾರೆ. ಇವರ ನಡುವೆ ಟಿ.ವಿ.ಯಲ್ಲಿ ಕೂತ ಪಂಡಿತರು ಗಂಟಲು ಸರಿಮಾಡಿಕೊಂಡು, 'ರೆಫರಿಯೂ ಮನುಷ್ಯನೇ, ತಪ್ಪು ಎರಡೂ ಕಡೆಗೆ ಆಗುತ್ತದೆ, ಕೊನೆಗೆ ಎಲ್ಲ ಸರಿಹೋಗುತ್ತದೆ' ಎಂದು ತೀರ್ಪು ಕೊಡುತ್ತಾರೆ.

ನನ್ನ ತಕರಾರು ಈ ಮೂರನೆಯವರ ಜೊತೆ. ಕೊನೆಗೆ ಎಲ್ಲ ಸರಿಹೋಗುವುದಿಲ್ಲ. ತಪ್ಪುಗಳು ಒಂದು ದಿಕ್ಕಿಗೆ ವಾಲುತ್ತವೆ, ಆ ದಿಕ್ಕು ಯಾವುದೆಂದು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ಇನ್ನೂ ಕೆಟ್ಟ ಸಂಗತಿಯೆಂದರೆ, 'ನಾನು ಇಬ್ಬರಿಗೂ ಸಮ' ಎಂದು ತೋರಿಸಿಕೊಳ್ಳುವ ರೆಫರಿಯ ಆಸೆಯೇ ಈ ಅನ್ಯಾಯಕ್ಕೆ ಒಂದು ಮುಖ್ಯ ಕಾರಣ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹತ್ತು ಮಂದಿ ಎತ್ತರದ ಹುಡುಗರು ಇಕ್ಕಟ್ಟಾದ ಮರದ ನೆಲದ ಮೇಲೆ ಓಡುತ್ತ, ಜಿಗಿಯುತ್ತ ಇರುತ್ತಾರೆ. ಮೈಗೆ ಮೈ ತಾಗುವುದು ಪ್ರತಿ ಕ್ಷಣವೂ ಇದ್ದದ್ದೇ. ಅದರಲ್ಲಿ ಯಾವುದು ಫೌಲ್, ಯಾವುದು ಅಲ್ಲ ಎಂಬುದನ್ನು ಮೂವರು ರೆಫರಿಗಳು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಬೇಕು. ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬುದನ್ನು ಕ್ಯಾಮೆರಾ ಹೇಳಿಬಿಡಬಹುದು. ಆದರೆ ಓಡಿಬಂದವನು ಗುದ್ದಿದನೋ, ನಿಂತವನು ಅಡ್ಡ ಬಂದನೋ ಎಂಬುದಕ್ಕೆ ಕೊನೆಗೂ ಒಬ್ಬರ ಅಭಿಪ್ರಾಯವೇ ಆಧಾರ. ಆ ಅಭಿಪ್ರಾಯದ ಬೆಲೆ ದೊಡ್ಡದು. ಐದು ಫೌಲ್ ಆದ ಆಟಗಾರ ಹೊರಗೆ ಹೋಗಿ ಬೆಂಚಿನ ಮೇಲೆ ಕೂರಬೇಕು. ತಂಡದ ಫೌಲುಗಳ ಸಂಖ್ಯೆ ಒಂದು ಮಿತಿ ಮುಟ್ಟಿತೆಂದರೆ ಎದುರಾಳಿಗೆ ಫ್ರೀ ಥ್ರೋ ಸಿಗುತ್ತದೆ. ಕಾಲೇಜು ಆಟಗಾರರು ಹತ್ತರಲ್ಲಿ ಸುಮಾರು ಏಳು ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕುತ್ತಾರೆ. ಒಂದೆರಡು ಪಾಯಿಂಟಿನಲ್ಲಿ ಮುಗಿಯುವ ಪಂದ್ಯದಲ್ಲಿ ಒಂದು ಸೀಟಿ ಏನು ಮಾಡಬಲ್ಲದು ಎಂದು ನೀವೇ ಯೋಚಿಸಿ.

ಈಗ ಲೆಕ್ಕಕ್ಕೆ ಬರೋಣ. ಕೈಲ್ ಆಂಡರ್ಸನ್ ಮತ್ತು ಡೇವಿಡ್ ಪಿಯರ್ಸ್ ಎಂಬ ಸಂಶೋಧಕರು 2004-05ರ ಋತುವಿನ 365 ಪುರುಷರ ಕಾಲೇಜು ಪಂದ್ಯಗಳನ್ನು ತೆಗೆದುಕೊಂಡು, ಯಾವ ಫೌಲ್ ಯಾವಾಗ ಯಾರ ಮೇಲೆ ಬಿತ್ತು ಎಂದು ಒಂದೊಂದಾಗಿ ನೋಡಿದರು. 2009ರಲ್ಲಿ ಅವರ ಲೇಖನ ಪ್ರಕಟವಾಯಿತು. ಅವರಿಗೆ ಕಂಡದ್ದು ಮೂರು ಸಂಗತಿ. ಒಂದು, ಆತಿಥೇಯ ತಂಡಕ್ಕಿಂತ ಹೊರಗಿನಿಂದ ಬಂದ ತಂಡದ ಮೇಲೆ ಸೀಟಿ ಊದುವ ಸಂಭವ ಶೇ. 7ರಷ್ಟು ಹೆಚ್ಚು. ಎರಡು, ಮುಂದಿರುವ ತಂಡದ ಮೇಲೆ ಹೆಚ್ಚು ಫೌಲ್ ಬೀಳುತ್ತವೆ. ಮೂರನೆಯದೇ ನನ್ನ ನಿದ್ದೆ ಕೆಡಿಸಿದ್ದು: ಈವರೆಗೆ ಯಾರ ಮೇಲೆ ಕಡಿಮೆ ಫೌಲ್ ಇವೆಯೋ, ಮುಂದಿನ ಫೌಲ್ ಅವರ ಮೇಲೆಯೇ ಬೀಳುವ ಸಂಭವ ಹೆಚ್ಚು. ಎರಡು ತಂಡಗಳ ಫೌಲುಗಳ ಅಂತರ ಐದು ಮುಟ್ಟಿದಾಗ ಈ ಸಂಭವ ನೂರಕ್ಕೆ 69ರ ವರೆಗೂ ಏರುತ್ತಿತ್ತು.

ಇದರ ಅರ್ಥವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಒಂದು ತಂಡ ಮೊದಲಿನಿಂದಲೂ ತಳ್ಳುತ್ತ, ಎಳೆಯುತ್ತ, ಮೊಣಕೈ ಆಡಿಸುತ್ತ ಆಡಿ ಏಳು ಫೌಲ್ ಸಂಪಾದಿಸಿದೆ. ಇನ್ನೊಂದು ತಂಡ ಶಿಸ್ತಿನಿಂದ ಆಡಿ ಎರಡಕ್ಕೆ ನಿಂತಿದೆ. ಫಲಕದ ಮೇಲೆ '7-2' ಎಂದು ಬೆಳಗುತ್ತಿದೆ. ಒರಟು ತಂಡದ ಕೋಚ್ ಅದನ್ನೇ ಬೆರಳು ಮಾಡಿ ತೋರಿಸಿ, 'ಅವರದ್ದು ಒಂದೂ ಕಾಣುತ್ತಿಲ್ಲವೇ' ಎಂದು ಕೂಗುತ್ತಾನೆ. ಸಾವಿರಾರು ಜನ ಅವನ ಜೊತೆ ದನಿಗೂಡಿಸುತ್ತಾರೆ. ರೆಫರಿಯ ಮನಸ್ಸಿನೊಳಗೆ ತಕ್ಕಡಿ ಅಲುಗಾಡುತ್ತದೆ. ಮುಂದಿನ ಬಾರಿ ಮೈಗೆ ಮೈ ತಾಗಿದಾಗ ಸೀಟಿ ಯಾರ ಮೇಲೆ? ಶಿಸ್ತಿನವನ ಮೇಲೆ.

ನಮ್ಮ ಶಾಲೆಗಳಲ್ಲಿ ಇಂಥ ಮೇಷ್ಟ್ರುಗಳನ್ನು ನಾವೆಲ್ಲ ಕಂಡಿದ್ದೇವೆ. ಒಬ್ಬ ಹೊಡೆದ, ಇನ್ನೊಬ್ಬ ಹೊಡೆಸಿಕೊಂಡ. ಮೇಷ್ಟ್ರು ಬಂದು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿ ಇಬ್ಬರಿಗೂ ಎರಡೆರಡು ಏಟು ಕೊಟ್ಟರು. 'ನನಗೆ ಎಲ್ಲರೂ ಒಂದೇ' ಎಂದರು. ವಿಚಾರಿಸುವ ಶ್ರಮ ಅವರಿಗೆ ತಪ್ಪಿತು. ಹೊಡೆದವನಿಗೆ ಲಾಭವಾಯಿತು, ಅವನು ಕೊಟ್ಟ ಏಟಿನ ಖರ್ಚಿನಲ್ಲಿ ಅರ್ಧವನ್ನು ಹೊಡೆಸಿಕೊಂಡವನೇ ತುಂಬಿದ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದೇ ಪಾಠ ಹುಡುಗರ ತಲೆಗೆ ಹೋಗುತ್ತದೆ: ಒರಟಾಗಿ ಆಡು, ಮೊದಲು ಆಡು, ಹೇಗೂ ರೆಫರಿ ಸರಿದೂಗಿಸುತ್ತಾನೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದೇನಲ್ಲ. ಫೌಲ್ ಹೆಚ್ಚಾದ ತಂಡ ಹುಷಾರಾಗುತ್ತದೆ, ಆದ್ದರಿಂದ ಲೆಕ್ಕ ತಾನಾಗಿಯೇ ಸಮವಾಗುತ್ತದೆ ಎನ್ನಬಹುದು. ಮನೆಯಂಗಳದಲ್ಲಿ ಆಡುವವರು ಚೆನ್ನಾಗಿ ಆಡುವುದರಿಂದ ಅವರ ಫೌಲ್ ಕಡಿಮೆ ಎನ್ನಬಹುದು. ಸ್ವಲ್ಪ ಮಟ್ಟಿಗೆ ನಿಜವೂ ಇರಬಹುದು. ಆದರೆ ಆಟಗಾರರ ವರ್ತನೆಯನ್ನು ಪೂರ್ತಿ ಬದಿಗಿಟ್ಟು ರೆಫರಿಯನ್ನು ಮಾತ್ರ ಪರೀಕ್ಷಿಸಿದ ಪ್ರಯೋಗವೊಂದು ಫುಟ್‌ಬಾಲ್‌ನಲ್ಲಿ ನಡೆದಿದೆ. ಇಂಗ್ಲೆಂಡಿನಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 40 ಮಂದಿ ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೋ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದ ಸಮೇತ, ಉಳಿದವರಿಗೆ ಮೌನವಾಗಿ. ಆಟಗಾರರು ಅವರೇ, ಡಿಕ್ಕಿಗಳೂ ಅವೇ. ಆದರೂ ಗದ್ದಲ ಕೇಳಿಸಿಕೊಂಡವರು ಆತಿಥೇಯ ತಂಡದ ಮೇಲೆ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟರು. 2002ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಯಾರೂ ಯಾರಿಗೂ ಲಂಚ ಕೊಟ್ಟಿರಲಿಲ್ಲ. ಕಿವಿಯ ಮೂಲಕ ಒಳಹೋದದ್ದು ಕಣ್ಣಿನ ತೀರ್ಪನ್ನು ಬದಲಿಸಿತ್ತು.

ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಗದ್ದಲವನ್ನು ನಾನು ಬಲ್ಲೆ. ಅಮೆರಿಕದ ಮಧ್ಯಪಶ್ಚಿಮ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷ ಓದಿದವನು ನಾನು. ಹೊರಗೆ ಮಂಡಿಯುದ್ದ ಹಿಮ, ಒಳಗೆ ಒಂದೇ ಬಣ್ಣದ ಅಂಗಿ ತೊಟ್ಟ ವಿದ್ಯಾರ್ಥಿಗಳು ಅಂಕಣಕ್ಕೆ ಅಂಟಿಕೊಂಡಂತೆ ನಿಂತಿರುತ್ತಾರೆ. ಮೇಲೆ ತಗಡಿನ ಸೂರು, ದನಿ ಹೊರಗೆ ಹೋಗಲು ದಾರಿಯಿಲ್ಲ. ಫುಟ್‌ಬಾಲ್ ಮೈದಾನದ ಗದ್ದಲ ಅರ್ಧ ಆಕಾಶಕ್ಕೆ ಹೋಗಿಬಿಡುತ್ತದೆ. ಇಲ್ಲಿನದು ರೆಫರಿಯ ಬೆನ್ನಿಗೇ ಬಡಿಯುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಒಳಾಂಗಣದಲ್ಲಿ ಹಿಡಿಸುವುದು 9,314 ಜನ ಮಾತ್ರ, ಆದರೂ ಅಲ್ಲಿ ಹೋಗಿ ಗೆಲ್ಲುವುದೆಂದರೆ ಎದುರಾಳಿಗಳಿಗೆ ನಡುಕ. ಜನ ಕೂಗಲಿ, ಕೂಗಲಿಕ್ಕೇ ಅವರು ಬಂದಿರುವುದು. ಆ ಕೂಗು ತೀರ್ಪಿನೊಳಗೆ ಇಳಿಯದಂತೆ ನೋಡಿಕೊಳ್ಳುವುದು ಆಟ ನಡೆಸುವವರ ಹೊಣೆ.

ಆ ಹೊಣೆಯನ್ನು ಅವರು ಹೊರುತ್ತಿದ್ದಾರೆಯೇ? ಕಾಲೇಜು ರೆಫರಿಗೆ ತಿಂಗಳ ಸಂಬಳವಿಲ್ಲ. ಪಂದ್ಯಕ್ಕೆ ಇಷ್ಟು ಎಂದು ಕೂಲಿ. ಯಾರಿಗೆ ಯಾವ ಪಂದ್ಯ ಎಂದು ಹಂಚುವವರು ಕಾಲೇಜುಗಳ ಒಕ್ಕೂಟಗಳು, ಅಲ್ಲಿ 'ಕಾನ್ಫರೆನ್ಸ್' ಎನ್ನುತ್ತಾರೆ, ನೇಮಿಸಿಕೊಂಡ ಸಂಯೋಜಕರು. ಅಂದರೆ ತೀರ್ಪುಗಾರನ ಅನ್ನದ ಬಟ್ಟಲು ಇರುವುದು ತೀರ್ಪಿಗೆ ಒಳಗಾಗುವವರ ಕೈಯಲ್ಲಿ. ಇದರ ಬಿಸಿ ಹೆಚ್ಚು ತಟ್ಟುವುದು ಬಡ ಕಾಲೇಜುಗಳಿಗೆ. ಋತುವಿನ ಆರಂಭದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ಕಾಲೇಜುಗಳಿಗೆ ಇಡಿಗಂಟು ಕೊಟ್ಟು ತಮ್ಮ ಅಂಗಳಕ್ಕೆ ಕರೆಸಿಕೊಳ್ಳುತ್ತವೆ. ಕ್ರೀಡಾ ವಿಭಾಗದ ಖರ್ಚು ತೂಗಿಸಲು ಈ ಸಣ್ಣವರು ವಾರಗಟ್ಟಲೆ ಊರೂರು ಸುತ್ತುತ್ತಾರೆ. ಅವರ ಪಾಲಿಗೆ ಆ ಏಳು ಶೇಕಡಾ ಒಂದು ರಾತ್ರಿಯ ದುರದೃಷ್ಟವಲ್ಲ, ಪ್ರತಿ ರಾತ್ರಿ ಕಟ್ಟುವ ಸುಂಕ.

ಈ ಏರ್ಪಾಡು ಎಷ್ಟು ಸಡಿಲವೆಂದು 2013ರಲ್ಲಿ ಜಗತ್ತಿಗೇ ಗೊತ್ತಾಯಿತು. ಪಶ್ಚಿಮ ತೀರದ ಪ್ಯಾಕ್-12 ಒಕ್ಕೂಟದ ರೆಫರಿಗಳ ಮುಖ್ಯಸ್ಥ ಎಡ್ ರಶ್, ಅರಿಝೋನಾ ತಂಡದ ಕೋಚ್ ಶಾನ್ ಮಿಲ್ಲರ್‌ಗೆ ಟೆಕ್ನಿಕಲ್ ಫೌಲ್ ಕೊಟ್ಟವರಿಗೆ ಅಥವಾ ಅವರನ್ನು ಅಂಕಣದಿಂದ ಹೊರಹಾಕಿದವರಿಗೆ 5,000 ಡಾಲರ್ ಅಥವಾ ಕ್ಯಾನ್‌ಕುನ್ ಪ್ರವಾಸ ಎಂದು ರೆಫರಿಗಳ ಸಭೆಯಲ್ಲಿ ಹೇಳಿದ್ದು ಬಯಲಾಯಿತು. ಅದೇ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಮಿಲ್ಲರ್‌ಗೆ ಟೆಕ್ನಿಕಲ್ ಫೌಲ್ ಬಿದ್ದಿತ್ತು. ಅರಿಝೋನಾ ಯುಸಿಎಲ್‌ಎ ಎದುರು 66-64ರಲ್ಲಿ ಸೋತಿತ್ತು. ಒಕ್ಕೂಟ ವಿಚಾರಣೆ ನಡೆಸಿ, ಅದು ತಮಾಷೆಯ ಮಾತು ಎಂದಿತು. ರಶ್ ರಾಜೀನಾಮೆ ಕೊಟ್ಟರು. ತಮಾಷೆ ಎಂದೇ ಒಪ್ಪೋಣ. ಕೆಲಸ ಹಂಚುವ ಯಜಮಾನ ಆಡಿದ ತಮಾಷೆಗೆ ನಗುವವರು, ಅವನಿಗೆ ಯಾರ ಮೇಲೆ ಸಿಟ್ಟಿದೆ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ಒಂದು ಮಾತು. 2017ರಲ್ಲಿ ಕೆಂಟಕಿ ತಂಡ ನಾರ್ತ್ ಕ್ಯಾರೊಲಿನಾ ಎದುರು ಎರಡು ಪಾಯಿಂಟಿನಿಂದ ಸೋತಾಗ, ಅಭಿಮಾನಿಗಳು ಆ ಪಂದ್ಯದ ಒಬ್ಬ ರೆಫರಿಯ ಬೆನ್ನು ಬಿದ್ದರು. ಅವರು ಒಮಾಹಾ ಊರಿನಲ್ಲಿ ಮನೆಗಳಿಗೆ ಚಾವಣಿ ಹಾಕಿಸುವ ವ್ಯಾಪಾರ ನಡೆಸುತ್ತಿದ್ದರು. ಬೆದರಿಕೆಯ ಕರೆಗಳ ಸುರಿಮಳೆ. ಅವರ ಕೆಲಸವನ್ನು ಕಣ್ಣಿಂದಲೂ ಕಾಣದವರು ಅಂಗಡಿಯ ಹೆಸರು ಕೆಡಿಸುವ ವಿಮರ್ಶೆ ಬರೆದರು. ಇದು ನ್ಯಾಯದ ಹುಡುಕಾಟವಲ್ಲ, ಪುಂಡಾಟ. ಒಬ್ಬ ರೆಫರಿಯನ್ನು ಕಳ್ಳನೆಂದು ಹಿಡಿದು ಹೊಡೆದರೆ ನೇಮಿಸಿದವರು, ಹಂಚುವವರು, ಮುಚ್ಚಿಡುವವರು ಎಲ್ಲ ನೆಮ್ಮದಿಯಾಗಿ ಜಾರಿಕೊಳ್ಳುತ್ತಾರೆ. ನಾನು ಹೇಳುತ್ತಿರುವ ಪಕ್ಷಪಾತಕ್ಕೆ ಕಳ್ಳ ಬೇಕಾಗಿಯೇ ಇಲ್ಲ. ಅತ್ಯಂತ ಪ್ರಾಮಾಣಿಕನ ಕೈಯಲ್ಲೂ ಅದು ನಡೆಯುತ್ತದೆ.

ಹಾಗಿದ್ದರೆ ಉಪಾಯವೇನು? ಕ್ರಿಕೆಟ್ ಗೊತ್ತಿರುವ ನಮಗೆ ಒಂದು ಉತ್ತರ ಗೊತ್ತೇ ಇದೆ. ಆತಿಥೇಯ ದೇಶದ ಅಂಪೈರುಗಳ ಬಗ್ಗೆ ದಶಕಗಳ ಕಾಲ ಗೊಣಗಾಟವಿತ್ತು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ-ವೆಸ್ಟ್ ಇಂಡೀಸ್ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅಂಪೈರುಗಳಾಗಿ ನಿಂತರು. 2002ರ ಹೊತ್ತಿಗೆ ಟೆಸ್ಟ್‌ಗಳಲ್ಲಿ ಇಬ್ಬರೂ ಅಂಪೈರುಗಳು ಹೊರದೇಶದವರೇ ಆಗಿರಬೇಕೆಂಬ ನಿಯಮ ಬಂತು. ಯಾವ ಅಂಪೈರನನ್ನೂ ಕಳ್ಳ ಎನ್ನದೆ ಅನುಮಾನದ ಬೇರನ್ನು ಕಿತ್ತದ್ದು ಹಾಗೆ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೂ ರೆಫರಿಗಳ ನೇಮಕ ಮತ್ತು ಕೂಲಿ ಒಕ್ಕೂಟಗಳ ಕೈತಪ್ಪಿ ಒಂದು ಸ್ವತಂತ್ರ ಮಂಡಳಿಗೆ ಹೋಗಬೇಕು.

ಎರಡನೆಯದು, ಲೆಕ್ಕ ಬಯಲಿಗೆ ಬರಬೇಕು. ವೃತ್ತಿಪರ ಲೀಗ್ ಆದ ಎನ್‌ಬಿಎ 2015ರಿಂದ ನಿಕಟ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಾನೇ ಪ್ರಕಟಿಸುತ್ತದೆ. ಹೀಗೆ ಬಯಲಿಗೆ ತಂದರೆ ಏನಾಗುತ್ತದೆ ಎಂಬುದಕ್ಕೂ ಅದೇ ಲೀಗ್‌ನಲ್ಲಿ ಸಾಕ್ಷಿಯಿದೆ. ರೆಫರಿಗಳು ತಮ್ಮ ಬಣ್ಣದವರಲ್ಲದ ಆಟಗಾರರ ಮೇಲೆ ಹೆಚ್ಚು ಫೌಲ್ ಕೊಡುತ್ತಾರೆ ಎಂದು ಜಸ್ಟಿನ್ ವುಲ್ಫರ್ಸ್ ಮತ್ತು ಜೋಸೆಫ್ ಪ್ರೈಸ್ ಅವರ ಅಧ್ಯಯನ 2007ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲಿನ ವರ್ಷಗಳನ್ನು ಮತ್ತೆ ಲೆಕ್ಕ ಹಾಕಿದಾಗ ಆ ವಾಲುವಿಕೆ ಕಾಣಲಿಲ್ಲ. ಹೆಸರಿಟ್ಟು ಕರೆದದ್ದೇ ಮದ್ದಾಯಿತು. ಕಾಲೇಜುಗಳ ಒಕ್ಕೂಟಗಳು ಮಾಡುವುದು ಇದಕ್ಕೆ ತದ್ವಿರುದ್ಧ: ರೆಫರಿಯನ್ನು ಬಹಿರಂಗವಾಗಿ ಟೀಕಿಸಿದ ಕೋಚ್‌ಗೆ ದಂಡ ಹಾಕಿ ಬಾಯಿ ಮುಚ್ಚಿಸುತ್ತವೆ.

'ಆಟ ತಾನೇ, ಇಷ್ಟೊಂದು ಯಾಕೆ' ಎನ್ನುವವರಿರಬಹುದು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿನ ಕೇಂದ್ರದ ತಡೆಯನ್ನು ತೆಗೆದ ಮೇಲೆ ಪ್ರತಿ ಸೀಟಿಯ ಹಿಂದೆಯೂ ಯಾರದೋ ದುಡ್ಡಿದೆ. ದುಡ್ಡಿನ ಮಾತು ಬಿಟ್ಟರೂ, ಅಂಕಣದಲ್ಲಿರುವವರು ಹತ್ತೊಂಬತ್ತು ಇಪ್ಪತ್ತರ ವಿದ್ಯಾರ್ಥಿಗಳು. ಐದನೆಯ ಫೌಲ್ ಬಿದ್ದು ಬೆಂಚಿಗೆ ಹೋಗಿ ಕೂತವನಿಗೆ ಆ ರಾತ್ರಿ ಮತ್ತೆ ಬರುವುದಿಲ್ಲ. ತಾನು ಮಾಡಿದ ತಪ್ಪಿಗೆ ಹೊರಗೆ ಕೂತರೆ ಅವನು ಕಲಿಯುತ್ತಾನೆ. ಫಲಕದ ಮೇಲಿನ ಎರಡು ಅಂಕಿಗಳನ್ನು ಸಮ ಮಾಡಲಿಕ್ಕಾಗಿ ಅವನನ್ನು ಹೊರಗೆ ಕೂರಿಸಿದರೆ ಅವನು ಕಲಿಯುವುದೇನು? ಇದಕ್ಕೆ ಉತ್ತರ ಹೇಳಬೇಕಾದವರು ಆ ಒಕ್ಕೂಟಗಳು. ಪ್ರತಿ ರೆಫರಿಯ ಪ್ರತಿ ಸೀಟಿಯ ದಾಖಲೆ ಅವರ ಬಳಿ ಇದೆ. ಅದನ್ನು ಹೊರಗಿಡಲಿ, ಉಳಿದ ಲೆಕ್ಕ ನಾವು ಮಾಡಿಕೊಳ್ಳುತ್ತೇವೆ.